ಅಕ್ಕ ಊದಿದ ಕ್ಯಾಸೆಟ್ಟು

ನೀರಾವರಿ ಕಚೇರಿಯ ಗುಮಾಸ್ತನಾಗಿದ್ದ ಅಪ್ಪ ಯಾದಗಿರಿಯಿಂದ ಕಂಪ್ಯೂಟರ್ ತಂದ ದಿನ, ಅವ್ವ ಕೀಬೋರ್ಡಿಗೆ ವಿಭೂತಿ ಹಚ್ಚಿದಳು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಮ್ಮ ಕ್ವಾರ್ಟರ್ಸಿನ ಸಾಲಿಗೆಲ್ಲ ಅದೇ ಮೊದಲನೆಯದು. ಅಸಲಿಗೆ ಅದು ಕಂಪ್ಯೂಟರೇ ಅಲ್ಲ, ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮು. ಕೀಬೋರ್ಡು ಬರೀ ವೇಷ. ಅದರ ನೆತ್ತಿಗೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಬರೆದಿತ್ತು. ಇದ್ದದ್ದು ನಾಲ್ಕು. ಅವೇ ಹೆಸರು, ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

"ಮಾರಿದಾಂವನ ಬಾಯಾಗ ಮಣ್ಣು ಬೀಳ್ಲಿ," ಎಂದ ಅಪ್ಪ. ಅಕ್ಕನಿಗೂ ನನಗೂ ನಾಲ್ಕೇ ಸಾಕಾಗಿತ್ತು.

ಕ್ಯಾಸೆಟ್ಟು ಸುಮ್ಮನೆ ಹಾಕಿದರೆ ಚಾಲೂ ಆಗುತ್ತಿರಲಿಲ್ಲ. ಧೂಳು ಹಾರುವಂತೆ ಅದರ ತಳದ ತಗಡಿನ ಹಲ್ಲಿನ ಸಾಲಿಗೆ ಬಾಯಿ ಹಚ್ಚಿ ಊದಬೇಕು. ನಾನು ಊದಿದರೆ ಟೀವಿಯಲ್ಲಿ ಬರೀ ಪಟ್ಟೆ; ಅಕ್ಕ ಊದಿದರೆ ಹಾಡಿನ ಸಮೇತ ಆಟ ಬರುತ್ತಿತ್ತು.

"ನಿನ್ನ ಉಸುರಾಗ ಬರೇ ಉಳ್ಳಾಗಡ್ಡಿ ವಾಸನಿ," ಎಂದು ಹಂಗಿಸುತ್ತಿದ್ದಳು.

ಆ ಮಳೆಗಾಲ ಜ್ವರ ಬಂದು ಅಕ್ಕ ತೀರಿಕೊಂಡಳು. ಅವಳು ಊದಿ ಹಾಕಿದ ಕ್ಯಾಸೆಟ್ಟು ಹಾಗೆಯೇ ಯಂತ್ರದೊಳಗಿತ್ತು. ಒಂದು ಮಧ್ಯಾಹ್ನ ಅವ್ವ ಸ್ವಿಚ್ಚು ಹಾಕಿದಳು. ಯಾರೂ ಮುಟ್ಟದಿದ್ದರೆ ಆಟ ತಾನೇ ಆಡಿ ತೋರಿಸುತ್ತಿತ್ತು: ಕೆಂಪು ಲಂಗದ ಹುಡುಗಿ ಓಡುತ್ತಾಳೆ, ಜಿಗಿಯುತ್ತಾಳೆ, ಪ್ರತಿ ಸಲವೂ ಅದೇ ತಗ್ಗಿಗೆ ಬೀಳುತ್ತಾಳೆ. ಆಟ ಮಾಡಿದವರೇ ತುಂಬಿಟ್ಟ ತೋರಿಕೆ ಅದು ಎಂದು ನನಗೆ ಗೊತ್ತಿತ್ತು. ಆದರೂ ನೆಲದ ಮೇಲೆ ಅನಾಥವಾಗಿ ಬಿದ್ದ, ಆಟ ಆಡಿಸುವ ರಿಮೋಟಿನಿಂದ ದೂರ ಸರಿದು ಕೂತೆ.

"ನಿಮ್ಮಕ್ಕ ಆಡಾಕತ್ತಾಳ," ಎಂದಳು ಅವ್ವ.

ಅಂದಿನಿಂದ ದಿನಾ ಮಧ್ಯಾಹ್ನ ಟೀವಿಯ ಮುಂದೆ ಕೂಡುತ್ತಿದ್ದಳು. ಚಿತ್ರ ಮಸುಕಾಗತೊಡಗಿದಾಗ ನಾನು ಕ್ಯಾಸೆಟ್ಟು ತೆಗೆದು ಊದಲು ಹೋದೆ. ಅವ್ವ ನನ್ನ ರಟ್ಟೆ ಹಿಡಿದಳು.

"ಊದಬ್ಯಾಡ. ಅದರಾಗ ಆಕಿ ಉಸುರು ಅದ. ಹೊರಗ ಹೋಗ್ತದ."

ಬರಬರುತ್ತಾ ಹುಡುಗಿಯ ಕಾಲು ಮಾಯವಾದವು, ಆಮೇಲೆ ಮುಖ. ಲಂಗವೊಂದೇ ಓಡುತ್ತಿತ್ತು. ಒಮ್ಮೆ ಊದಿದ್ದರೆ ಸರಿಹೋಗುತ್ತಿತ್ತೋ ಏನೋ, ಅವ್ವ ಬಿಡಲಿಲ್ಲ. ಕೊನೆಗೊಂದು ದಿನ ಟೀವಿ ಬೆಳ್ಳಗೆ ನಿಂತುಬಿಟ್ಟಿತು. ಅಂದು ನಾನು ಅಕ್ಕ ಸತ್ತ ದಿನಕ್ಕಿಂತ ಹೆಚ್ಚು ಅತ್ತೆ.

ಹೋದ ದಸರೆಗೆ ಮನೆ ಸಾರಿಸುವಾಗ ಟ್ರಂಕಿನಿಂದ ಆ ಕ್ಯಾಸೆಟ್ಟು ಹೊರಬಂತು. ಅದನ್ನು ಆಡಿಸುವ ಯಂತ್ರ ಎಂದೋ ಗುಜರಿಗೆ ಹೋಗಿದೆ. ರೂಢಿಯಂತೆ ಬಾಯಿಯ ಹತ್ತಿರ ತಂದೆ.

"ತಾ ಇಲ್ಲಿ," ಎಂದು ಅವ್ವ ಕಸಿದುಕೊಂಡಳು. ಸೆರಗಿನಿಂದ ಧೂಳು ಒರೆಸಿ ಹಲ್ಲಿನ ಸಾಲಿಗೆ ತುಟಿ ಹಚ್ಚಿದಳು. ಇಷ್ಟು ವರ್ಷದ ಮೇಲೆ ತಾನೇ ಊದುತ್ತಾಳೆ ಅಂದುಕೊಂಡೆ.

ಅವ್ವ ಊದಲಿಲ್ಲ. ಕಣ್ಣು ಮುಚ್ಚಿ, ಎದೆ ತುಂಬುವವರೆಗೆ ಉಸಿರು ಒಳಗೆ ಎಳೆದುಕೊಂಡಳು.