ತನ್ನ ಗೋಡೆಯನ್ನು ತಾನೇ ಕೆಡವುವ ಇಯೋತೆಬಾ

ಸಾಗರದ ನಡುವಿನ ಹವಳದ ದ್ವೀಪ ತರಾವಾದ ತುದಿಯ ಊರು. ಬೆಳಕು ಹರಿಯುವ ಹೊತ್ತು, ಇಳಿತದ ಸಮಯ. ಮೊಣಕಾಲುದ್ದ ನೀರಿನಲ್ಲಿ ನಿಂತ ಅರವತ್ತೊಂದರ ಇಯೋತೆಬಾ ಹಾರೆಯಿಂದ ಗೋಡೆಯೊಂದನ್ನು ಮೀಟುತ್ತಿದ್ದಾರೆ. ಬಲೆ ಹೊತ್ತು ಹೊರಟ ನೆರೆಮನೆಯ ಕೌರೆ ನಗುತ್ತಾ ಕೂಗುತ್ತಾನೆ: "ಏನ್ ಮೇಸ್ತ್ರಿ, ಕಟ್ಟೋನೂ ನೀನೇ, ಕೆಡವೋನೂ ನೀನೇನಾ?"

"ಹೂಂ ಕಣೋ. ನನ್ನ ತಪ್ಪಿಗೆ ಬೇರೆ ಆಳು ಎಲ್ಲಿಂದ ತರ್ಲಿ?"

ತಂಗಿ ರೋತಿಯಾಳ ಮನೆ ಉಳಿಯಲೆಂದು ಒಂಬತ್ತು ವರ್ಷದ ಹಿಂದೆ ನೆಟ್ಟಗೆ, ನುಣ್ಣಗೆ ಈ ಸಿಮೆಂಟು ಗೋಡೆ ಎಬ್ಬಿಸಿದವರು ಇವರೇ. ಊರೆಲ್ಲ ಬೆನ್ನು ತಟ್ಟಿತ್ತು. ಆದರೆ ಗೋಡೆಗೆ ಬಡಿದ ಅಲೆ ಅಲ್ಲಿಗೇ ಸಾಯಲಿಲ್ಲ. ಬಂದ ರಭಸದಲ್ಲೇ ಹಿಂದಿರುಗಿತು, ಎದುರು ಬರುವ ಅಲೆಯೊಂದಿಗೆ ಕೂಡಿ ಆಳೆತ್ತರ ಎದ್ದಿತು, ದಿನವೂ ಬುಡದ ಮರಳನ್ನು ಬಾಚಿತು. ಮೂರನೆಯ ವರ್ಷ ಫೆಬ್ರವರಿಯ ದೊಡ್ಡ ಉಬ್ಬರಕ್ಕೆ, ಬುಡ ಟೊಳ್ಳಾಗಿದ್ದ ಗೋಡೆ ನಡುವೆ ಕುಸಿಯಿತು. ಬಾವಿ ಉಪ್ಪಾಯಿತು. ಅಂಗಳದಲ್ಲಿದ್ದ ರೋತಿಯಾಳ ಗಂಡನ ಗೋರಿ ಕೊಚ್ಚಿಹೋಯಿತು.

"ಮೂರು ದಿನ ಹುಡುಕಿದ್ವಿ. ಎರಡು ಮೂಳೆ ಸಿಕ್ವು. ಅವನದ್ದೇ ಅಂತ ಯಾರು ಹೇಳ್ತಾರೆ? ತಂಗಿ ಅವನ್ನ ಚಾಪೇಲಿ ಸುತ್ಕೊಂಡು ಹೋದ್ಲು. ನನ್ನ ಮುಖಾನೂ ನೋಡ್ಲಿಲ್ಲ."

ಆಮೇಲೆ ಮೇಸ್ತ್ರಿ ಕೆಲಸ ಬಿಟ್ಟು ವರ್ಷಗಟ್ಟಲೆ ದಡದಲ್ಲಿ ಕೂತು ಅಲೆ ನೋಡಿದರು. ಹವಳದ ಬಿಡಿಗಲ್ಲು ಇಳಿಜಾರಾಗಿ ಬಿದ್ದ ಕಡೆ ಮಾತ್ರ ಮರಳು ಉಳಿದಿತ್ತು. ಈಗ ಒಡೆದ ಗೋಡೆಯ ತುಂಡುಗಳನ್ನೇ ಹಾಗೆ ಒರಗಿಸುತ್ತಿದ್ದಾರೆ. ಒಂದು ಇಳಿತಕ್ಕೆ ನಲವತ್ತು ಕಲ್ಲು. ಆರು ತಿಂಗಳಿಗೆ ಇಪ್ಪತ್ತೆರಡು ಅಡಿ, ತೊಂಬತ್ತು ಬಾಕಿ. ಎಡಗೈಯ ಎರಡು ಬೆರಳು ಕಲ್ಲಿನಡಿ ಸಿಕ್ಕಿ ತುಂಡಾಗಿವೆ.

"ಗೋಡೆ ಅಲೆಗೆ ಎದುರು ಮಾತಾಡ್ತಿತ್ತು. ಇದು ಸಂದಿಯೊಳಗೆ ಬಿಟ್ಕೊಳ್ಳುತ್ತೆ. ಅಲೆ ಹತ್ತಿ ಹತ್ತಿ ಸುಸ್ತಾಗಿ ಅಲ್ಲೇ ಇಂಗೋಗುತ್ತೆ," ಎನ್ನುತ್ತಾರೆ.

ರೋತಿಯಾ ಸುಟ್ಟ ದೀವಿಹಲಸು ತಂದು ಕಲ್ಲಿನ ಮೇಲಿಟ್ಟು ಹಿಂದಿರುಗುತ್ತಾರೆ. ಕೇಳಿದರೆ, "ಕ್ಷಮಿಸಿಲ್ಲ. ಹಸಿದು ಕಲ್ಲು ಹೊರಬಾರ್ದು, ಅಷ್ಟೇ," ಎನ್ನುತ್ತಾರೆ.

ಸಮುದ್ರ ವರ್ಷವರ್ಷವೂ ಏರುತ್ತಿದೆ, ಇದೂ ಮುಳುಗಬಹುದೆಂದು ಇಯೋತೆಬಾಗೆ ಗೊತ್ತು. ಅವರ ಆಸೆ ಒಂದೇ.

"ನನ್ನನ್ನ ಈ ಇಳಿಜಾರಿನ ಹಿಂದೇನೇ ಹೂಳಿ ಅಂದಿದೀನಿ. ಕೆಲಸ ಕೆಟ್ಟಿದ್ರೆ, ಈ ಸಲ ಮೊದಲು ಕೊಚ್ಚಿಹೋಗೋನು ನಾನಾಗ್ಲಿ."