ಮೂಗಮ್ಮ ಕೊಟ್ಟ ಮಾತು

ಹೊತ್ತು ಮೂಡುವ ಮೊದಲೇ ಬಾಗಿಲು ಬಾಗಿಲಿಗೆ ಹೋಗಿ ಹೆಂಗಸರನ್ನು ಕೂಲಿಗೆ ಕರೆಯುವುದು ನಮ್ಮ ಪಕ್ಕದ ಮನೆ ಮೂಗಮ್ಮನ ಕೆಲಸ. ಉಡಿಗಾಲ ದಾಟಿ ಗುಂಡ್ಲುಪೇಟೆ ರಸ್ತೆಗೆ ಅಂಟಿಕೊಂಡಿರುವ ನಮ್ಮೂರಿಗೆ ಮದುವೆಯಾಗಿ ಬಂದಾಗಿನಿಂದ ಅವಳು ಮಾಡಿದ್ದು ಇದನ್ನೇ. ಯಾರ ಹೊಲ, ಎಷ್ಟು ದೂರ, ಊಟ ಕೊಡುತ್ತಾರೋ ಇಲ್ಲವೋ, ಒಡೆಯನ ಬಾಯಿ ಎಂಥದು, ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳುತ್ತಾಳೆ. ಅದಕ್ಕೇ ಹೆಂಗಸರು ಹೋಗುತ್ತಾರೆ. ಅವಳಿಗೆ ಹೊಲವಿಲ್ಲ, ಗಂಡ ಕಾಯಿಲೆಯವನು. ಅವಳ ಮಾತು ನಂಬಿ ಜನ ಎದ್ದು ಬಂದರೇ ಆ ಮನೆಯ ಒಲೆ ಉರಿಯುವುದು.

ಹೋದ ಸಂಕ್ರಾಂತಿಗೆ ಮುಂಚೆ ಚಾಮರಾಜನಗರದಿಂದ ಮಲ್ಲಿಕಾರ್ಜುನಸ್ವಾಮಿ ಎಂಬುವರು ಕಾರಿನಲ್ಲಿ ಬಂದರು. ಹತ್ತಾರು ದೇಶದವರು ಸೇರುವ ಸೈಕಲ್ ರೇಸು ನಮ್ಮ ರಸ್ತೆಯಲ್ಲಿ ಹೋಗುತ್ತದಂತೆ, ಅದಕ್ಕೆ ಊರವರ ಸಹಕಾರ ಪಡೆಯುವುದು ಇವರ ಜವಾಬ್ದಾರಿಯಂತೆ. ಸಹಕಾರ ಅಂದರೆ ಹುರುಳಿ. ನಾವು ಹುರುಳಿ ಕಿತ್ತು ತಂದು ಟಾರು ರಸ್ತೆಯ ಮೇಲೆ ಹರಡುತ್ತೇವೆ. ಬಸ್ಸು, ಲಾರಿ ಅದರ ಮೇಲೆ ಹರಿದು ಕಾಳು ಉದುರುತ್ತದೆ. ಬೈಕಿನವರು ಜಾರಿ ಬಿದ್ದದ್ದೂ ಉಂಟು. ತಪ್ಪು ಅಂತ ನಮಗೂ ಗೊತ್ತು, ಆದರೆ ಕಣ ಮಾಡುವ ಜಾಗದಲ್ಲೆಲ್ಲ ಮನೆ ಎದ್ದಿವೆ.

ರೇಸು ಮುಗಿಯುವ ತನಕ ರಸ್ತೆಗೆ ಹುರುಳಿ ಹಾಕಬೇಡಿ ಎಂದು ಅವರು ಮೈಕಿನಲ್ಲಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಗಮ್ಮನನ್ನು ಹಿಡಿಯಿರಿ ಎಂದು ಯಾರೋ ಹೇಳಿಕೊಟ್ಟರು. ಅವಳ ಜಗಲಿ ಮೇಲೆ ಬಂದು ಕೂತರು. ನಾನೂ ಅಲ್ಲೇ ಇದ್ದೆ.

"ರಸ್ತೆ ಬುಟ್ರೆ ಉರುಳಿ ಎಲ್ಲಿಗ್ ಆಕನ ಸ್ವಾಮಿ?" ಎಂದಳು ಮೂಗಮ್ಮ.

"ಕೆರೆ ಪಕ್ಕದ ಬಯಲಿಗೆ ಹಾಕಿ ಅಮ್ಮ. ರೇಸ್ ಮುಗಿದ ಮೇಲೆ ಟ್ರಾಕ್ಟರ್ ಕಳಿಸಿ ತುಳಿಸಿಕೊಡ್ತೀವಿ."

"ಅಲ್ಲಿಗೆ ಬ್ಯಾರೆ ಯಾರೂ ಬರಕಿಲ್ವಾ?"

"ಯಾರೂ ಬರಲ್ಲ. ನನ್ನ ಮಾತು."

ಮಾರನೆ ಬೆಳಿಗ್ಗೆ ಅವಳು ಮನೆಮನೆಗೆ ಹೋದಳು. ಎಲ್ಲರಿಗಿಂತ ಹೆಚ್ಚು ಹುರುಳಿ ಇದ್ದ ದೊಡ್ಡಮಲ್ಲಮ್ಮ, "ಆ ಪರದೇಶದೋರು ನಮ್ ಉರುಳಿ ಮೇಲೇ ಸೈಕಲ್ ಬುಟ್ಕೊಂಡ್ ಓಗ್ಲಿ ಕಣಮ್ಮಿ, ಕಾಳಾದ್ರೂ ಉದುರ್ತದೆ," ಎಂದು ನಗಿಸಿದಳು. "ನಾನ್ ಬಿಡ್ಸಿ ಕೇಳಿವ್ನಿ ಕಣಕ್ಕ," ಎಂದಳು ಮೂಗಮ್ಮ. ಊರಿನ ಹುರುಳಿಯೆಲ್ಲ ಬಯಲಿಗೆ ಹೋಯಿತು.

ರೇಸಿಗೆ ಎರಡು ದಿನ ಇದ್ದಾಗ ಬಯಲಿಗೆ ರೇಸಿನವರ ವ್ಯಾನುಗಳು ಬಂದವು, ಡೇರೆ ಎದ್ದವು, ಸುತ್ತ ಬೇಲಿ ಕಟ್ಟಿ ಗೇಟು ಇಟ್ಟರು. ನಮ್ಮ ಮೆದೆಗಳನ್ನು ಏರಿಯ ಕೆಳಗಿನ ತಗ್ಗಿಗೆ ನೂಕಿಸಿದರು. ಆಮೇಲೆ ಪೈಪು ಹಿಡಿದು ಸೈಕಲ್ಲು ತೊಳೆದರು, ವ್ಯಾನು ತೊಳೆದರು. ಆ ನೀರೆಲ್ಲ ಹರಿದು ಬಂದು ಹುರುಳಿಯ ಬುಡದಲ್ಲಿ ನಿಂತಿತು. ಎತ್ತಿ ಹಾಕೋಣವೆಂದು ಓಡಿದರೆ ಗೇಟಿನವನು ಪಾಸು ಕೇಳಿದ. ನಮ್ಮೂರ ಬಯಲಿಗೆ ನಮಗೇ ಪಾಸು. ಮಲ್ಲಿಕಾರ್ಜುನಸ್ವಾಮಿ ಫೋನು ಎತ್ತಲಿಲ್ಲ.

ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ರೇಸು ದಾಟಿ ಹೋಯಿತು. ನಮ್ಮನ್ನು ದನಗಳಂತೆ ಹಗ್ಗದ ಹಿಂದೆ ನಿಲ್ಲಿಸಿದ್ದರು. ಡೇರೆ ಕಿತ್ತು ನಮ್ಮನ್ನು ಒಳಗೆ ಬಿಟ್ಟಾಗ ಮೆದೆಗಳಿಂದ ಹಬೆ ಏಳುತ್ತಿತ್ತು, ಕಾಳು ಮೊಳೆತು ಮುಗ್ಗಲು ಹಿಡಿದಿತ್ತು. ಟ್ರಾಕ್ಟರ್ ಬರಲಿಲ್ಲ. ಬಸ್ ನಿಲ್ಲುವ ಕಡೆ ಬ್ಯಾನರ್ ಬಂತು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದೆ: ಸಹಕರಿಸಿದ ಸಮಸ್ತ ನಾಗರಿಕರಿಗೆ ವಂದನೆಗಳು. ಅದರ ಮೇಲೆ ಉಗಿಯಬೇಕೆನಿಸಿತು. ನಾವು ಸಹಕರಿಸಿದ್ದನ್ನು ಬರೆದಿದ್ದರು, ಅವರು ಮಾಡಿದ್ದನ್ನು ಬರೆದಿರಲಿಲ್ಲ.

ಮಾರನೆ ಬೆಳಿಗ್ಗೆ ಮೂಗಮ್ಮ ಅರಿಶಿನ ಕೀಳಲು ಕರೆಯಹೋದಳು. ದೊಡ್ಡಮಲ್ಲಮ್ಮ ಬಾಗಿಲು ತೆಗೆಯದೆ ಒಳಗಿನಿಂದಲೇ, "ನೀನ್ ತೋರ್ಸಿದ್ ಜಾಗಕ್ಕೆ ಓಗಿ ಬಂದಾಯ್ತು ಬುಡು," ಎಂದಳು. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಹೊಲದವರು ಬೇರೆ ಊರಿನಿಂದ ಆಳು ಕರೆಸಿಕೊಂಡರು. ಹುರುಳಿ ಹೋದರೆ ಮುಂದಿನ ವರ್ಷ ಬರುತ್ತದೆ. ಇವಳ ಮಾತನ್ನು ಯಾವ ಬಯಲಿನಲ್ಲಿ ಬೆಳೆಯಬೇಕು?

ಆ ವಾರವೇ ಮಲ್ಲಿಕಾರ್ಜುನಸ್ವಾಮಿ ಶಾಲು ಹಿಡಿದುಕೊಂಡು ಬಂದರು. ಸಹಕಾರ ಕೊಡಿಸಿದ್ದಕ್ಕೆ ಚಾಮರಾಜನಗರದಲ್ಲಿ ಮೂಗಮ್ಮನಿಗೆ ಸನ್ಮಾನವಂತೆ. ಅವಳು ಶಾಲು ಮುಟ್ಟಲಿಲ್ಲ.

"ನಾಳೆ ಒತ್ತಾರೆ ಬನ್ನಿ ಸ್ವಾಮಿ. ನಾನ್ ಓಗಿದ್ದ ಬಾಗ್ಲಿಗೆಲ್ಲ ಬಂದು, ತಪ್ಪು ನಂದು, ಮೂಗಮ್ಮ ಸುಳ್ ಏಳ್ನಿಲ್ಲ ಅನ್ನಿ."

"ಬಯಲು ಬಿಟ್ಟುಕೊಟ್ಟಿದ್ದು ಮೇಲಿನವರು ಅಮ್ಮ, ನಾನಲ್ಲ."

"ನನ್ ಜಗಲಿ ಮೇಲೆ ಕೂತು ಮಾತ್ ಕೊಟ್ಟಿದ್ದು ಮೇಲ್ನೋರಲ್ಲ. ನೀವ್ ಬರದಿದ್ರೆ ನಾನೇ ಸನ್ಮಾನಕ್ ಬತ್ತೀನಿ. ಅಲ್ ಮೈಕ್ ಇರ್ತದಲ್ಲ."

ಬಂದರು. ಕಾರನ್ನು ಬೀದಿಯೊಳಕ್ಕೇ ತರಲು ನೋಡಿದರು. "ಇಳ್ದು ನಡೀರಿ, ನಾನೂ ನಡ್ಕೊಂಡೇ ಓಗಿದ್ದೆ," ಎಂದಳು. ಮೊದಲ ಬಾಗಿಲಲ್ಲಿ ಅವರು, "ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ," ಎಂದರು.

"ಅಂಗಲ್ಲ. ನಾನ್ ಏಳ್ಕೊಟ್ಟಂಗೆ."

ಹಾಗೇ ಹೇಳಿದರು. ದೊಡ್ಡಮಲ್ಲಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಅವಳು ಪೂರಾ ಕೇಳಿಸಿಕೊಂಡು, "ಮತ್ತೆ ನಮ್ ಉರುಳಿಗೆ ಏನ್ ಏಳೀರಿ?" ಎಂದಳು. ಅವರ ಉತ್ತರಕ್ಕೆ ಕಾಯದೆ ದೊಡ್ಡಮಲ್ಲಮ್ಮ ಮೂಗಮ್ಮನ ಕಡೆ ತಿರುಗಿ, "ನಿನ್ ಮೇಲೆ ಸಿಟ್ಟಿಲ್ಲ ಕಣಮ್ಮಿ. ಆದ್ರೆ ಇವತ್ ಬರಕಿಲ್ಲ. ನಾಳೆ ಕರಿ, ನೋಡನ," ಎಂದಳು.

ನಮ್ಮ ಬೀದಿ ಮುಗಿಯಿತು. ಅವರು ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, "ನಾನಿನ್ನು ಹೊರಡಲಾ ಅಮ್ಮ?" ಎಂದು ಕೇಳಿದರು.

"ಮೇಗ್ಲು ಬೀದಿ ಇನ್ನೂ ಅದೆ," ಎಂದು ಮೂಗಮ್ಮ ಮುಂದೆ ನಡೆದಳು.