ಔಷಧಿಯಲ್ಲದ ರಬ್ಬರ್ ಚೀಲ

ಮದುವೆಯಾಗಿ ಕೊಳ್ಳೇಗಾಲದಿಂದ ತಮಿಳುನಾಡಿನ ಸಿರುಮುಗೈಗೆ ಬಂದಾಗ ನನಗೆ ತಮಿಳು ಬರುತ್ತಿರಲಿಲ್ಲ. ಅತ್ತೆಯ ಮನೆಯಲ್ಲಿ ಆಡುತ್ತಿದ್ದುದು ಕನ್ನಡವೇ, ಎಲ್ಲರೂ ರೇಷ್ಮೆ ಸೀರೆ ನೇಯುತ್ತಿದ್ದರು. ನನ್ನವರು ಮಾತ್ರ ಮಗ್ಗ ಬಿಟ್ಟು ತುಡಿಯಲೂರಿನ ಕಡೆಯ ನೂಲಿನ ಮಿಲ್ಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ಗೋದಾಮಿನ ಹತ್ತಿ ಬೇಲುಗಳ ಮೇಲಿಂದ ಜಾರಿ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಯಿತು. ಆಪರೇಷನ್ ಆದಮೇಲೆ ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿದರು, ಮೂತ್ರ ಮಾತ್ರ ಹಿಡಿತಕ್ಕೆ ಬರಲಿಲ್ಲ.

ಡಾಕ್ಟರು ತೊಡೆಗೆ ಕಟ್ಟಿಕೊಳ್ಳುವ ರಬ್ಬರ್ ಚೀಲವೊಂದನ್ನು ಬರೆದುಕೊಟ್ಟರು. ಕೊಯಮತ್ತೂರಿನ ಅಂಗಡಿಯಲ್ಲಿ ಅದು ಸಿಗುತ್ತಿತ್ತು. ಅದನ್ನು ಕಟ್ಟಿಕೊಂಡರೆ ಪಂಚೆ ಒಣಗಿರುತ್ತಿತ್ತು, ಬಸ್ಸು ಹತ್ತಬಹುದಿತ್ತು. ಮಿಲ್ಲಿನವರೂ ಗೇಟಿನ ಬಳಿ ಕೂತು ಮಾಡುವ ಕೆಲಸ ಕೊಡಲು ಒಪ್ಪಿದ್ದರು. ಆದರೆ ನಮ್ಮ ಸೆಕೆಗೆ ರಬ್ಬರು ಅಂಟಂಟಾಗಿ, ಬೇಗ ಬಿರುಕು ಬಿಡುತ್ತಿತ್ತು. ತೊಳೆದ ಚೀಲವನ್ನು ಅಕ್ಕಪಕ್ಕದವರಿಗೆ ಕಾಣದಂತೆ ಮಗ್ಗದ ಹಿಂದೆ ಒಣಹಾಕಿ, ಎಲ್ಲಿ ಸೀಳಿದೆಯೋ ಎಂದು ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡುತ್ತಿದ್ದೆ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪದೇ ಪದೇ ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಸಂಬಳದಲ್ಲಿ ಕಾರ್ಮಿಕ ವಿಮೆಗೆಂದು ಹಿಡಿಯುತ್ತಿದ್ದರಲ್ಲ, ಖರ್ಚು ಅದರಿಂದ ವಾಪಸು ಬಂದೀತೆಂದು ವಿಮಾ ಕಚೇರಿಗೆ ಹೋದೆವು. ಗುಮಾಸ್ತರು ರಸೀದಿ ನೋಡಿ, "ಇದು ಮರುಂದು ಇಲ್ಲೆಮ್ಮಾ" ಎಂದರು. ಔಷಧಿಯಲ್ಲವಂತೆ. ಮರದ ಕಾಲು ಕೊಡುತ್ತಾರೆ, ಊರುಗೋಲು ಕೊಡುತ್ತಾರೆ, ಇದಕ್ಕೆ ಮಾತ್ರ ವೈದ್ಯರ ಮಂಡಳಿ ಒಪ್ಪಬೇಕಂತೆ.

ಮಂಡಳಿ ಕರೆದ ದಿನ, ಡಾಕ್ಟರು ಪರೀಕ್ಷೆ ಮಾಡುತ್ತಾರೆಂದು ಇವರು ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಒಳಗೆ ಡಾಕ್ಟರುಗಳ ಜೊತೆಗೆ ನರ್ಸುಗಳು, ಟೈಪಿಸ್ಟ್ ಹೆಂಗಸು, ಸರದಿಗೆ ಕಾದ ಬೇರೆ ಮಿಲ್ಲಿನವರು. ನಾನು ವರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಇವರು ಹೋದಷ್ಟೇ ಬೇಗ ಹೊರಗೆ ಬಂದರು.

"ಏನಂದ್ರು?"

"ಬೇಡ ಅಂದ್ಬುಟ್ರು."

"ನೀವೇನ್ ಹೇಳಿದ್ರಿ?"

"ಈಗ ಪರವಾಯಿಲ್ಲೆ, ತಾಳ್ಕೋತೀನಿ ಅಂದೆ."

ನನಗೆ ಮೈಯೆಲ್ಲ ಉರಿಯಿತು. ಬಿರಬಿರನೆ ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಹತ್ತಿ ಕೂತಮೇಲೆ ಅವರ ಪಂಚೆ ಒದ್ದೆಯಾಯಿತು, ಸೀಟಿನಿಂದ ಕೆಳಗೆ ಹರಿಯಿತು. ಪಕ್ಕದವರು ಎದ್ದುನಿಂತರು. ಕಂಡಕ್ಟರು ಹತ್ತಿರ ಬಂದು ಮೆಲ್ಲಗೆ, "ಎರಂಗಿಡುಂಗ" ಎಂದ. ಇಳಿದೆವು. ಇವರು ಕಂಬ ಹಿಡಿದು ತಲೆ ತಗ್ಗಿಸಿ ನಿಂತರು.

"ಇನ್ನ ಮನೇಗೆ ಎಂಗ್ ಹೋಗಾದು?"

"ಮನೆಗಲ್ಲ. ಬಂದ ಕಡೆಗೇ ಹೋಗೋಣ ಬನ್ನಿ."

ಅದೇ ಒದ್ದೆ ಪಂಚೆಯಲ್ಲಿ ವಾಪಸು ಹೋದೆವು. ಮಂಡಳಿಯವರು ಆ ದಿನದ ಕೆಲಸ ಮುಗಿಸಿ ಎದ್ದಿದ್ದರು. ಅವರಲ್ಲಿ ವಯಸ್ಸಾದ ಡಾಕ್ಟರೊಬ್ಬರು ಹೊರಡುತ್ತಿದ್ದರು. ಅಡ್ಡ ನಿಂತು, ಬಂದಷ್ಟು ತಮಿಳಿನಲ್ಲಿ, ಉಳಿದದ್ದು ಕನ್ನಡದಲ್ಲಿ ಹೇಳಿದೆ: "ಇವರು ಒಳಗೆ ಸುಳ್ಳು ಹೇಳಿದ್ರು ಸಾರ್. ಅಷ್ಟು ಜನರ ಎದುರಿಗೆ ಇದನ್ನ ಯಾರು ಹೇಳ್ತಾರೆ?"

ಅವರಿಗೆ ಎಷ್ಟು ಅರ್ಥವಾಯಿತೋ. ಪಂಚೆಯ ಕಡೆ ನೋಡಿದರು, ಇವರೊಬ್ಬರನ್ನೇ ಒಳಗೆ ಕರೆದು ಬಾಗಿಲು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಹೊರಬಂದ ಇವರ ಕಣ್ಣು ಕೆಂಪಗಿತ್ತು. "ಎಲ್ಲಾ ಕೇಳಿದ್ರು. ಎಲ್ಲಾ ಹೇಳ್ದೆ" ಎಂದರು.

ಮಂಜೂರಾತಿ ಬರಲು ಮಳೆಗಾಲವೇ ಕಳೆಯಿತು. ಚೀಲದ ಖರ್ಚನ್ನು ವಿಮೆಯವರೇ ಕೊಡತೊಡಗಿದರು, ಇವರು ಗೇಟಿನ ಕೆಲಸಕ್ಕೆ ಸೇರಿದರು. ಆದರೂ ಅವರ ಬಸ್ಸು ಬರುವ ಹೊತ್ತಿಗೆ ನಾನು ನೇಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಮೊದಲು ಕಣ್ಣು ಹೋಗುತ್ತಿದ್ದುದು ಪಂಚೆಗೆ, ಆಮೇಲೆ ಮುಖಕ್ಕೆ.

ಮಂಜೂರಾತಿ ಒಂದು ವರ್ಷಕ್ಕಷ್ಟೇ. ವಾಸಿಯಾಗಿಲ್ಲವೆಂದು ಪ್ರತಿ ವರ್ಷವೂ ಮಂಡಳಿಯ ಮುಂದೆ ನಿಂತು ಹೇಳಬೇಕು. ಮರುವರ್ಷ ಹೋಗುವ ಮುಂಚೆ ವಾರವಿಡೀ ಇವರು ಸರಿಯಾಗಿ ಉಣ್ಣಲಿಲ್ಲ. ಅಲ್ಲಿ ಹೆಸರು ಕೂಗಿದಾಗ ನಾನೂ ಎದ್ದೆ.

"ನೀ ಕೂತಿರು. ನಾನೇ ಹೇಳ್ತೀನಿ" ಎಂದು ಕೋಲೂರಿಕೊಂಡು ಒಳಗೆ ಹೋದರು.

ಬಾಗಿಲು ತೆರೆದೇ ಇತ್ತು. ಮೂತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲವೆಂದು ಹೇಳುತ್ತಿದ್ದ ಇವರ ದನಿ ವರಾಂಡದವರೆಗೂ ಕೇಳಿಸುತ್ತಿತ್ತು.